ಅಕ್ಷರ ಕಲಿಸಿದವರ ಹಕ್ಕು

ಹಿಜರಿ ಎರಡನೇ ವರ್ಷದಲ್ಲಿ ಬದ್ರ್ ಯುದ್ಧ ನಡೆಯಿತು. ಮಕ್ಕಾದ ಖುರೈಶರು ಸೋತರು. ಅವರಲ್ಲಿ ಸುಮಾರು 70 ಮಂದಿ ಸೆರೆಯಾಳುಗಳಾಗಿ ಮದೀನಾಕ್ಕೆ ಬಂದರು. ಹಣವಿದ್ದವರು ಪರಿಹಾರ ಧನ ಕೊಟ್ಟು ಬಿಡುಗಡೆ ಪಡೆದರು. ಹಣವಿಲ್ಲದಿದ್ದರೂ ಓದು ಬರಹ ಬಲ್ಲವರಿಗೆ ಪ್ರವಾದಿ ಮುಹಮ್ಮದ್(ಸ) ಬೇರೊಂದು ದಾರಿ ತೆರೆದರು. ಅನ್ಸಾರರ ಮಕ್ಕಳಿಗೆ ಬರೆಯಲು ಕಲಿಸಿಕೊಟ್ಟರೆ ಅದೇ ಅವರ ಬಿಡುಗಡೆಯ ಬೆಲೆ ಎಂದು ನಿಶ್ಚಯಿಸಿದರು. ಒಬ್ಬೊಬ್ಬರಿಗೆ ಹತ್ತು ಮಕ್ಕಳ ಲೆಕ್ಕವಿತ್ತೆಂದೂ ಹಾಗೆ ಕಲಿತ ಹುಡುಗರಲ್ಲಿ ಝೈದ್ ಬಿನ್ ಸಾಬಿತ್(ರ) ಒಬ್ಬರೆಂದೂ ಇತಿಹಾಸಕಾರ ಇಬ್ನ್ ಸಅದ್ ಬರೆದಿದ್ದಾರೆ. ಮುಂದೆ ಖಲೀಫಾ ಅಬೂಬಕ್ಕರ್ ಸಿದ್ದೀಕ್(ರ)ರ ಕಾಲದಲ್ಲಿ ಪವಿತ್ರ ಖುರ್‌ಆನನ್ನು ಒಂದೇ ಗ್ರಂಥವಾಗಿ ಸಂಗ್ರಹಿಸುವ ಹೊಣೆ ಹೊತ್ತವರು ಇದೇ ಝೈದ್(ರ).

ಈ ಘಟನೆಯನ್ನು ನಾವು ಹಲವು ಸಲ ಕೇಳಿದ್ದೇವೆ. ಆದರೆ ಅದರ ಒಳಗಿರುವ ಒಂದು ಮಾತನ್ನು ಅಷ್ಟಾಗಿ ಯೋಚಿಸಿಲ್ಲ. ಆ ಮಾಸ್ಟ್ರುಗಳು ಮುಸ್ಲಿಮರಾಗಿರಲಿಲ್ಲ. ನಿನ್ನೆಯವರೆಗೆ ಖಡ್ಗ ಹಿಡಿದು ಎದುರು ನಿಂತವರು. ಆದರೂ ಅವರ ಕೈಯಲ್ಲಿದ್ದ ಅಕ್ಷರವನ್ನು ಪ್ರವಾದಿವರ್ಯರು(ಸ) ದೂರ ಇಡಲಿಲ್ಲ. ಅಕ್ಷರಕ್ಕೆ ಬೆಲೆ ಕಟ್ಟಿದರು, ಕಲಿಸಿದವನಿಗೆ ಆ ಬೆಲೆಯನ್ನು ಪೂರ್ತಿಯಾಗಿ ಸಲ್ಲಿಸಿದರು.

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುತ್ತವೆ. ಶವ್ವಾಲ್ ತಿಂಗಳಲ್ಲಿ ಮದರಸಗಳು ತೆರೆಯುತ್ತವೆ. ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆ ಕಡೆಯ ನಮ್ಮ ಮಕ್ಕಳು ಬೆಳಿಗ್ಗೆ ಉಸ್ತಾದರ ಮುಂದೆ ಕೂತು, ಆಮೇಲೆ ಚೀಲ ಬದಲಾಯಿಸಿಕೊಂಡು ಶಾಲೆಗೆ ಓಡುತ್ತಾರೆ. ದಿನಕ್ಕೆ ಎರಡು ಶಾಲೆ, ಇಬ್ಬರು ಗುರುಗಳು. ಈ ಇಬ್ಬರಿಗೂ ನಮ್ಮ ಮೇಲೆ ಇರುವ ಹಕ್ಕು ಏನು? ಹಿಂದಿನವರು ಅದನ್ನು ಹೇಗೆ ಸಲ್ಲಿಸಿದರು, ನಾವು ಹೇಗೆ ಸಲ್ಲಿಸುತ್ತಿದ್ದೇವೆ? ಜುಮಾ ಖುತ್ಬಾದಲ್ಲಿ ಸಂಕ್ಷಿಪ್ತವಾಗಿ ಹೇಳಿದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮದೀನಾದ ಖರ್ಜೂರದ ಗೊನೆ

ಹಿಜ್‌ರಾಕ್ಕೆ ಮೊದಲೇ ಮದೀನಾಕ್ಕೆ ಕಳುಹಿಸಲ್ಪಟ್ಟ ಮೊದಲ ಗುರು ಮುಸ್‌ಅಬ್ ಬಿನ್ ಉಮೈರ್(ರ). ಮಕ್ಕಾದ ಶ್ರೀಮಂತ ಮನೆತನದ ಯುವಕ. ಇಸ್ಲಾಮ್ ಸ್ವೀಕರಿಸಿದ ಕಾರಣಕ್ಕೆ ಎಲ್ಲವನ್ನೂ ಕಳೆದುಕೊಂಡವರು. ಮದೀನಾದಲ್ಲಿ ಅವರಿಗೆ ಸ್ವಂತ ಸೂರು ಇರಲಿಲ್ಲ. ಅಸ್‌ಅದ್ ಬಿನ್ ಝುರಾರ(ರ) ತಮ್ಮ ಮನೆಯಲ್ಲಿ ಅವರನ್ನು ಇರಿಸಿಕೊಂಡರು. ಕಲಿಸುವ ಕೆಲಸ ಮುಸ್‌ಅಬರದು, ಅವರ ಊಟ ವಸತಿಯ ಭಾರ ಊರಿನವರದು. ಮದೀನಾದ ಮೊದಲ ಪಾಠಶಾಲೆ ನಿಂತದ್ದು ಹೀಗೆ.

ಬಳಿಕ ಮಸ್ಜಿದುನ್ನಬವಿಯ ಒಂದು ಮೂಲೆಯಲ್ಲಿ, ಸೂರಿನ ನೆರಳಿನಲ್ಲಿ, ಸುಫ್ಫಾದ ಜನರು ಕೂತು ಕಲಿಯತೊಡಗಿದರು. ಮನೆ ಮಾರು ಇಲ್ಲದ ಬಡವರು ಅವರು. ತೋಟವಿದ್ದ ಅನ್ಸಾರರು ಖರ್ಜೂರದ ಗೊನೆಗಳನ್ನು ತಂದು ಮಸೀದಿಯಲ್ಲಿ ತೂಗುಹಾಕುತ್ತಿದ್ದರು. ಹಸಿವಾದವರು ಅದರಿಂದ ತಿನ್ನುತ್ತಿದ್ದರು. ಕೆಲವರು ಮಾತ್ರ ಒಣಗಿದ, ಕೆಟ್ಟ ಗೊನೆಯನ್ನು ತಂದು ತೂಗುಹಾಕಿದರು. ಆಗ ಸೂರಃ ಅಲ್ ಬಕರದ 267ನೇ ವಚನ ಅವತೀರ್ಣವಾಯಿತೆಂದು ತಿರ್ಮಿದಿಯಲ್ಲಿ ವರದಿಯಿದೆ. ನಮಗೇ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳಲಾರದಂಥ ಕಳಪೆಯನ್ನು ಆರಿಸಿ ಅಲ್ಲಾಹನ ಮಾರ್ಗದಲ್ಲಿ ಕೊಡಬಾರದು ಎಂಬುದು ಅದರ ಸಾರ.

ಸಹೋದರರೇ, ಈ ಗೊನೆಯ ವಿಷಯ ನೆನಪಿರಲಿ. ಕಲಿಯುವವರಿಗೂ ಕಲಿಸುವವರಿಗೂ ಊರು ಏನನ್ನು ತೂಗುಹಾಕುತ್ತದೆ, ಒಳ್ಳೆಯದನ್ನೋ ಉಳಿದದ್ದನ್ನೋ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಹಾಗೆಯೇ ಇದೆ.

ಹೆಣ್ಣುಮಕ್ಕಳ ವಿಷಯದಲ್ಲೂ ಮಾದರಿ ಅಲ್ಲಿಯೇ ಇದೆ. ಶಿಫಾ ಬಿಂತ್ ಅಬ್ದುಲ್ಲಾಹ್(ರ) ಓದು ಬರಹ ಬಲ್ಲ ಮಹಿಳೆ. ಪ್ರವಾದಿ ಪತ್ನಿ ಹಫ್ಸಾ(ರ)ರಿಗೆ ಬರವಣಿಗೆ ಕಲಿಸಿದವರು ಅವರೇ ಎಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ.

ಹೊಯಿಗೆಯ ಮೇಲೆ ಬೆರಳು

ಈಗ ನಮ್ಮ ನಾಡಿಗೆ ಬರೋಣ. ಶಾಲೆ ಎಂಬ ಕಟ್ಟಡ ಬರುವ ಮೊದಲು ತುಳುನಾಡಿನಲ್ಲಿ ಇದ್ದದ್ದು ಐಗಳ ಮಠ. ಮಠ ಎಂದರೆ ಇಲ್ಲಿ ಸ್ವಾಮಿಗಳ ಮಠ ಅಲ್ಲ; ಒಬ್ಬರೇ ಮಾಸ್ಟ್ರು ನಡೆಸುತ್ತಿದ್ದ ಪಾಠಶಾಲೆ. ಯಾರದೋ ಮನೆಯ ಜಗಲಿ, ಇಲ್ಲವೇ ಒಂದು ಮುಳಿಹುಲ್ಲಿನ ಚಪ್ಪರ. ನೆಲದ ಮೇಲೆ ಹೊಯಿಗೆ ಹರಡಿ, ಮಗುವಿನ ಬೆರಳು ಹಿಡಿದು ಐಗಳು ಅಕ್ಷರ ತಿದ್ದಿಸುತ್ತಿದ್ದರು. ಕೈ ಪಳಗಿದ ಮೇಲೆ ಓಲೆಗರಿ ಮತ್ತು ಕಂಠ. ಜೊತೆಗೆ ಬಾಯಿಪಾಠ. ಒಂದರ ಮಗ್ಗಿಯಿಂದ ಹಿಡಿದು ಕಾಲು, ಅರೆ, ಮುಕ್ಕಾಲರ ಮಗ್ಗಿಯವರೆಗೆ ಮಕ್ಕಳು ರಾಗವಾಗಿ ಹೇಳುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಅಮಾವಾಸ್ಯೆ, ಹುಣ್ಣಿಮೆಗೆ ರಜೆ.

ಓಲೆಗರಿಯ ಆಯುಸ್ಸು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ಜೈನರ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಪ್ರಾಚೀನ ತಾಡಪತ್ರಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ನಮ್ಮ ಪಕ್ಕದ ಮೂಡಬಿದಿರೆ. ಬರೆದದ್ದನ್ನು ಜೋಪಾನ ಮಾಡುವುದು, ಸವೆದದ್ದನ್ನು ಪ್ರತಿ ಮಾಡುವುದು ಈ ಮಣ್ಣಿನ ಹಳೆಯ ಅಭ್ಯಾಸ.

ಮರಳಿನ ಮೇಲೆ ಬರೆಯುವ ಈ ಕ್ರಮವನ್ನು ಕೀಳಾಗಿ ಕಾಣಬೇಕಾಗಿಲ್ಲ. 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನ ಒಂದು ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಇಲ್ಲಿನ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ನೋಡಿ ತನ್ನ ಶಾಲೆಯಲ್ಲೂ ಅದನ್ನು ತಂದ. ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮವನ್ನೂ ಬೆಳೆಸಿ 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಮದ್ರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಿಗೂ ಹರಡಿತು.

1822ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ. ಆಗ ನಮ್ಮ ಜಿಲ್ಲೆಯನ್ನು ಒಳಗೊಂಡಿದ್ದ ಕೆನರಾದ ಕಲೆಕ್ಟರ್ ಪಟ್ಟಿ ಕಳುಹಿಸಲಿಲ್ಲ. ಇಲ್ಲಿ ಕಾಲೇಜುಗಳಿಲ್ಲ, ಸ್ಥಿರವಾದ ಶಾಲೆಗಳೂ ಮಾಸ್ಟ್ರುಗಳೂ ಇಲ್ಲ, ಕಲಿಕೆಯೆಲ್ಲ ಖಾಸಗಿಯಾಗಿ ನಡೆಯುತ್ತದೆ, ಲೆಕ್ಕ ತೆಗೆದು ಪ್ರಯೋಜನವಿಲ್ಲ ಎಂಬ ಅರ್ಥದ ಉತ್ತರ ಕೊಟ್ಟ. ಸರ್ಕಾರದ ಕಣ್ಣಿಗೆ ಬೀಳದಿದ್ದರೂ ಕಲಿಕೆ ಇತ್ತು. ಮನೆಯ ಜಗಲಿಯಲ್ಲಿತ್ತು. ಅದನ್ನು ನಡೆಸುತ್ತಿದ್ದವರಿಗೆ ತಿಂಗಳ ಸಂಬಳ ಇರಲಿಲ್ಲ. ಅಕ್ಕಿ, ತೆಂಗಿನಕಾಯಿ, ತರಕಾರಿ, ಹಬ್ಬಕ್ಕೊಂದು ವಸ್ತ್ರ, ಅಷ್ಟೋ ಇಷ್ಟೋ ದುಡ್ಡು. ಊರು ಉಂಡರೆ ಐಗಳೂ ಉಂಡರು.

ಆದರೆ ಒಂದು ಸತ್ಯವನ್ನು ಮುಚ್ಚಿಡಬಾರದು. ಆ ಜಗಲಿಗೆ ಎಲ್ಲರೂ ಹತ್ತುವಂತಿರಲಿಲ್ಲ. ಅಸ್ಪೃಶ್ಯರೆಂದು ದೂರ ಇಡಲ್ಪಟ್ಟವರ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಹೆಣ್ಣುಮಕ್ಕಳು ಬಹಳ ಅಪರೂಪ.

ಮರದ ಹಲಗೆ, ಜೇಡಿಮಣ್ಣು

ನಮ್ಮ ಸಮುದಾಯದ ಹಳೆಯ ಪಾಠಶಾಲೆಯೂ ಹೀಗೆಯೇ ಇತ್ತು. ಮಲಬಾರಿನಲ್ಲಿ ಅದನ್ನು ಓತ್ತುಪಳ್ಳಿ ಎಂದು ಕರೆಯುತ್ತಿದ್ದರು. ಮರದ ಹಲಗೆಗೆ ಜೇಡಿಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಶಾಯಿಯಿಂದ ಅಲಿಫ್, ಬಾ ಬರೆದುಕೊಡುತ್ತಿದ್ದರು. ಪಾಠ ಬಾಯಿಗೆ ಬಂದ ಮೇಲೆ ತೊಳೆದು ಮತ್ತೆ ಬರೆಯುವುದು. ಕಲಿಸುವವರು ಮುಸ್ಲಿಯಾರರು. ಅವರೇ ಇಮಾಮರು, ಅವರೇ ಮಯ್ಯಿತ್ ನಮಾಝ್ ಮಾಡಿಸುವವರು, ಊರಿನ ಜಗಳಕ್ಕೂ ಅವರೇ ಮಧ್ಯಸ್ಥರು. ಊಟ ಮನೆಮನೆಯ ಸರದಿಯಲ್ಲಿ.

ಬ್ರಿಟಿಷ್ ಸರ್ಕಾರ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮಲಬಾರಿನ ಮುಸ್ಲಿಯಾರರಿಗೆ ಗ್ರಾಂಟ್ ಕೊಟ್ಟು, ಓತ್ತುಪಳ್ಳಿಯಲ್ಲೇ ಓದು, ಬರಹ, ಲೆಕ್ಕ ಕಲಿಸುವಂತೆ ಪ್ರೋತ್ಸಾಹಿಸಿತು. ಮದರಸ ಮತ್ತು ಶಾಲೆ ಒಂದೇ ಸೂರಿನಡಿ ಬಂದ ಪ್ರಯೋಗ ಅದು. ಈಗ ನಾವು ಕಾಣುವ ಮದರಸ, ಅಂದರೆ ತರಗತಿ, ಪಠ್ಯಪುಸ್ತಕ, ಪಬ್ಲಿಕ್ ಪರೀಕ್ಷೆ, ಹಾಜರಿ ಪುಸ್ತಕ ಇರುವ ಮದರಸ, ವ್ಯಾಪಕವಾಗಿ ಹರಡಿದ್ದು 1951ರಲ್ಲಿ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡ್ ಸ್ಥಾಪನೆಯಾದ ನಂತರ. ನಮ್ಮ ಜಿಲ್ಲೆಯ ಬಹಳಷ್ಟು ಮದರಸಗಳು ಆ ಪಠ್ಯಕ್ರಮದಲ್ಲೇ ನಡೆಯುತ್ತವೆ. ಬೆಳಗಿನ ಹೊತ್ತು ಮದರಸ, ಹಗಲು ಶಾಲೆ ಎಂಬ ಏರ್ಪಾಡಿನಿಂದ ನಮ್ಮ ಮಕ್ಕಳಿಗೆ ದೀನ್ ಮತ್ತು ಲೌಕಿಕ ವಿದ್ಯೆಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಸಂಕಟ ತಪ್ಪಿತು. ಇದು ನಮ್ಮ ಹಿರಿಯರು ಕಂಡುಕೊಂಡ ಬುದ್ಧಿವಂತಿಕೆಯ ದಾರಿ.

ಶಾಲೆಯ ಬಾಗಿಲು ಅಗಲವಾದ ಕಾಲ

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1836ರಲ್ಲಿ ಕನ್ನಡ ಶಾಲೆ ಆರಂಭಿಸಿದರು, 1841ರಲ್ಲಿ ಮುದ್ರಣಾಲಯ ಸ್ಥಾಪಿಸಿದರು. ಓಲೆಗರಿಯ ಜಾಗಕ್ಕೆ ಅಚ್ಚಾದ ಪುಸ್ತಕ ಬಂತು. ಅವರ ಉದ್ದೇಶ ಧರ್ಮಪ್ರಚಾರವಾಗಿತ್ತು, ಆದ್ದರಿಂದ ನಮ್ಮ ಹಿರಿಯರಿಗೂ ಇತರ ಸಮುದಾಯಗಳ ಹಿರಿಯರಿಗೂ ಅಳುಕು ಇದ್ದದ್ದು ಸಹಜ. ಅದಕ್ಕೆ ಉತ್ತರವಾಗಿ ಊರಿನವರೇ ಶಾಲೆ ಕಟ್ಟತೊಡಗಿದರು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಆರಂಭಿಸಿದರು. ಕೆನರಾ ಬ್ಯಾಂಕ್ ಸ್ಥಾಪಿಸಿದ್ದು ಅದಾಗಿ 15 ವರ್ಷಗಳ ನಂತರ, 1906ರಲ್ಲಿ. ಮೊದಲು ಶಾಲೆ, ಆಮೇಲೆ ಬ್ಯಾಂಕ್! ವ್ಯಾಪಾರವನ್ನೇ ನಂಬಿ ಬದುಕುವ ನಮ್ಮ ಬ್ಯಾರಿ ಸಮುದಾಯ ಈ ಕ್ರಮವನ್ನು ಗಮನಿಸಬೇಕು.

ಐಗಳ ಮಠದ ಜಗಲಿ ಹತ್ತಲಾಗದ ಮಕ್ಕಳಿಗಾಗಿ ಬಾಗಿಲು ತೆರೆದವರು ಕುದ್ಮುಲ್ ರಂಗರಾವ್. 1859ರಲ್ಲಿ ಕಾಸರಗೋಡು ಕಡೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾದವರು. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ಆರಂಭಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಂತ ಸಮುದಾಯದವರೇ ಅವರಿಗೆ ಬಹಿಷ್ಕಾರ ಹಾಕಿದರು. ಅವರು ಹಿಂದೆ ಸರಿಯಲಿಲ್ಲ. ಈ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಅದರ ಧೂಳು ತನ್ನ ತಲೆಗೆ ತಾಗಿದರೆ ಸಾಕು ಎಂಬುದು ಅವರ ಆಸೆಯಾಗಿತ್ತೆಂದು ಮಂಗಳೂರಿನ ಜನ ಇಂದಿಗೂ ನೆನೆಯುತ್ತಾರೆ. 1928ರಲ್ಲಿ ಅವರು ತೀರಿಕೊಂಡರು. ನಾವು ಸದಕಾ ಜಾರಿಯಾ ಎನ್ನುತ್ತೇವಲ್ಲ, ಕೊಟ್ಟವನು ಹೋದ ಮೇಲೂ ಹರಿಯುವ ದಾನ, ಅದು ಹೇಗಿರುತ್ತದೆ ಎಂಬುದಕ್ಕೆ ಶಾಲೆಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಬಂಟ್ವಾಳದ ಮಾಸ್ಟ್ರು

ನಮ್ಮ ಪಕ್ಕದ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ಕನ್ನಡ ನಾಡು ಮಕ್ಕಳ ಕವಿ ಎಂದು ನೆನೆಯುತ್ತದೆ. ಅವರ ಹೊಟ್ಟೆಪಾಡಿನ ಕೆಲಸ ಮಾತ್ರ ಮಾಸ್ಟ್ರಿಕೆ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು, ಶಾಲಾ ಇನ್‌ಸ್ಪೆಕ್ಟರ್ ಆಗಿ ಹಳ್ಳಿಗಳನ್ನು ಸುತ್ತಿದರು, ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಹಳ್ಳಿ ಮಾಸ್ಟ್ರುಗಳಿಗೆ ನಡುಕ. ಶಾಲೆಗೆ ಗ್ರಾಂಟ್ ಸಿಗುವುದು, ತಪ್ಪುವುದು ಅವರ ವರದಿಯ ಮೇಲೆ ನಿಂತಿತ್ತು. ಅಂಥ ಹುದ್ದೆಯಲ್ಲಿದ್ದವರು ಕವಿಶಿಷ್ಯ ಎಂಬ ಹೆಸರಿಟ್ಟುಕೊಂಡು ಮಕ್ಕಳಿಗಾಗಿ ಹಾಡು, ಕಥೆ ಬರೆದರು. ಓದಿಸಬೇಕಾದರೆ ಮೊದಲು ಮಗು ನಗಬೇಕು ಎಂದು ತಿಳಿದವರು ಅವರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ನಿಧನರಾದರು.

ಪಂಜೆಯವರ ಮನೆಮಾತು ಕೊಂಕಣಿ. ಕಾಸರಗೋಡಿನ ಪೆರಡಾಲದಲ್ಲಿ ಹೈಸ್ಕೂಲ್ ಅಧ್ಯಾಪಕರಾಗಿದ್ದು, 1969ರಲ್ಲಿ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಪಡೆದು, ನೂರು ವರ್ಷ ಬಾಳಿದ ಕಯ್ಯಾರ ಕಿಂಞಣ್ಣ ರೈಗಳ ಮನೆಮಾತು ತುಳು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಆ ದಾರಿಯನ್ನು ತಾವೇ ನಡೆದು ಬಂದವರಾದ್ದರಿಂದ ಮಗುವಿನ ಕಷ್ಟ ಅವರಿಗೆ ಗೊತ್ತಿತ್ತು. ನಮ್ಮ ಮಕ್ಕಳ ಕಥೆಯೂ ಅದೇ ಅಲ್ಲವೇ? ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಮದರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ. ನಾಲ್ಕು ಭಾಷೆ ಮಗುವಿಗೆ ಹೊರೆ ಎಂದು ಮರುಗುವವರಿದ್ದಾರೆ. ಝೈದ್ ಬಿನ್ ಸಾಬಿತ್(ರ)ರಿಗೆ ಪ್ರವಾದಿವರ್ಯರು(ಸ) ಯಹೂದಿಯರ ಬರಹವನ್ನು ಕಲಿಯಲು ಹೇಳಿದಾಗ ಅವರು ಅದನ್ನು ಅರ್ಧ ತಿಂಗಳಲ್ಲಿ ಕಲಿತರೆಂದು ತಿರ್ಮಿದಿಯಲ್ಲಿದೆ. ಭಾಷೆ ಹೊರೆಯಾಗುವುದು ಕಲಿಸುವವನಿಗೆ ತಾಳ್ಮೆ ಇಲ್ಲದಾಗ.

ಉಜಿರೆಯಲ್ಲಿ 1940ರಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಸಿದ್ಧವನ ಗುರುಕುಲವನ್ನು ಸ್ಥಾಪಿಸಿದರು. ದೂರದ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದು, ತಮ್ಮ ಕೆಲಸ ತಾವೇ ಮಾಡಿಕೊಂಡು ಓದಿದರು. 1966ರಲ್ಲಿ ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ ಇಲ್ಲಿ ಕಾಲೇಜು ಬಂತು. ಪದವಿ ಓದಬೇಕಾದರೆ ಮಂಗಳೂರಿಗೇ ಹೋಗಬೇಕಾಗಿದ್ದ ಈ ಘಟ್ಟದ ತಪ್ಪಲಿನ ಮಕ್ಕಳಿಗೆ ಅದು ಎಷ್ಟು ಹತ್ತಿರವಾಯಿತು ಎಂದು ಇಂದಿನವರಿಗೆ ಹೇಳಿದರೆ ಅರ್ಥವಾಗಲಾರದು. ಹಳ್ಳಿಗಳಲ್ಲಿ ಬೋರ್ಡ್ ಶಾಲೆಗಳು, ಅನುದಾನಿತ ಶಾಲೆಗಳು ಬಂದವು. ಜಾಗ ಕೊಟ್ಟವರು ಒಬ್ಬರು, ಮರ ಕೊಟ್ಟವರು ಇನ್ನೊಬ್ಬರು, ಹಂಚು ಹೊತ್ತು ತಂದವರು ಮಕ್ಕಳ ತಂದೆಯಂದಿರು. ತೋಡು ತುಂಬಿ ಹರಿಯುವ ಮಳೆಗಾಲದಲ್ಲಿ ಸಂಕ ದಾಟಿ ಬರುತ್ತಿದ್ದ ಮಾಸ್ಟ್ರುಗಳು ಆ ತಲೆಮಾರಿನವರು. ಮಗು ಎರಡು ದಿನ ಬಾರದಿದ್ದರೆ ಅವರೇ ಮನೆಗೆ ಬಂದು ಕೇಳುತ್ತಿದ್ದರು.

ಬಿಡಬೇಕಾದದ್ದು, ಉಳಿಸಬೇಕಾದದ್ದು

ಹಳೆಯದೆಲ್ಲ ಚಿನ್ನ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಹಿಂದಿನ ಮಠಗಳಲ್ಲಿ ಹುಡುಗರನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆ ಇತ್ತು. ಶಾಲೆಗೆ ನಾಗರಬೆತ್ತ ಬಂತು. ಮದರಸಗಳಲ್ಲೂ ಬೆತ್ತ ಇತ್ತು. ಪೆಟ್ಟು ತಿಂದವರೇ ಉದ್ಧಾರವಾದದ್ದು ಎಂದು ಹಿರಿಯರು ಹೆಮ್ಮೆಯಿಂದ ಹೇಳುವುದನ್ನು ಕೇಳುತ್ತೇವೆ. ಪೆಟ್ಟಿಗೆ ಹೆದರಿ ಶಾಲೆ ಬಿಟ್ಟವರು, ಮದರಸ ಬಿಟ್ಟವರು ಆ ಮಾತಿನಲ್ಲಿ ಬರುವುದಿಲ್ಲ.

ಸಹೀಹ್ ಮುಸ್ಲಿಮ್‌ನಲ್ಲಿ ಮುಆವಿಯಾ ಬಿನ್ ಹಕಮ್(ರ) ಎಂಬ ಸಹಾಬಿಯ ಘಟನೆ ಇದೆ. ಅವರು ತಿಳಿಯದೆ ನಮಾಝಿನ ನಡುವೆ ಮಾತನಾಡಿದರು. ಸುತ್ತಲಿನವರು ಸಿಟ್ಟಿನಿಂದ ನೋಡಿದರು. ನಮಾಝ್ ಮುಗಿದ ಮೇಲೆ ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ನಮಾಝಿನಲ್ಲಿ ಏನಿರಬೇಕು ಎಂದು ತಿಳಿಸಿಕೊಟ್ಟರು, ಅಷ್ಟೇ. ಅವರಿಗಿಂತ ಉತ್ತಮ ಗುರುವನ್ನು ತಾನು ಹಿಂದೆಯೂ ನೋಡಿಲ್ಲ, ಮುಂದೆಯೂ ನೋಡಲಿಲ್ಲ ಎಂದು ಆ ಸಹಾಬಿ ಹೇಳುತ್ತಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಕಾನೂನು ಇಂದು ಹೇಳಿದ್ದನ್ನು ನಮ್ಮ ನಬಿ(ಸ) ನಡೆದು ತೋರಿಸಿದ್ದರು. ಆದ್ದರಿಂದ ಬೆತ್ತವನ್ನು ಬಿಡೋಣ. ಮಗು ಬಾರದಿದ್ದರೆ ಮನೆಗೆ ಹೋಗಿ ಕೇಳುವ ಕ್ರಮವನ್ನು ಉಳಿಸೋಣ.

ಹೆಣ್ಣುಮಕ್ಕಳ ವಿಷಯದಲ್ಲೂ ಹಳೆಯ ರೂಢಿ ಬಿಡಬೇಕಾದದ್ದೇ ಆಗಿತ್ತು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ನಮ್ಮನ್ನು ಅಗಲಿದ ಲೇಖಕಿ ಸಾರಾ ಅಬೂಬಕ್ಕರ್ ಅವರ ಕಾಲದಲ್ಲಿ ಹೈಸ್ಕೂಲ್ ಮೆಟ್ಟಿಲು ಹತ್ತಿದ ಮುಸ್ಲಿಂ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅವರ ಬರಹಗಳನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿದ್ದಾರೆ. ಆದರೆ ಶಿಫಾ(ರ)ರ ಮಾದರಿ ಕಣ್ಣ ಮುಂದೆ ಇದ್ದೂ ನಮ್ಮ ತಾಯಂದಿರಿಗೆ ಸಹಿ ಹಾಕಲು ಬಾರದ ಕಾಲ ಇತ್ತು ಎಂಬುದನ್ನು ಒಪ್ಪದೆ ಗತಿಯಿಲ್ಲ. ಇಂದು ಎಸ್‌ಎಸ್‌ಎಲ್‌ಸಿ, ಪಿಯುಸಿ ಓದಿ ಮದರಸಕ್ಕೂ ಶಾಲೆಗೂ ಟೀಚರ್ ಆಗಿ ಹೋಗುವ ಹೆಣ್ಣುಮಕ್ಕಳಿದ್ದಾರೆ. ಅಲ್ಹಮ್ದುಲಿಲ್ಲಾಹ್.

ಮದರಸದಲ್ಲಿ ತೆರೆದ ಸರ್ಕಾರಿ ಶಾಲೆ

ಇತ್ತೀಚಿನ ಒಂದು ಉದಾಹರಣೆ ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಹರೇಕಳದ ಹಾಜಬ್ಬರು ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಹಣ್ಣು ಮಾರುತ್ತಿದ್ದವರು. ಶಾಲೆಗೆ ಹೋದವರಲ್ಲ. ವಿದೇಶದ ದಂಪತಿಗಳು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗದೆ ನಿಂತರು. ನನ್ನ ಊರಿನ ಮಕ್ಕಳಿಗೆ ಈ ಗತಿ ಬರಬಾರದು ಎಂದು ಅಂದೇ ಮನಸ್ಸು ಮಾಡಿದರು. ಹಣ್ಣು ಮಾರಿ ಉಳಿಸಿದ ದುಡ್ಡು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಶಾಲೆ ಮಂಜೂರಾಯಿತು, ಕಟ್ಟಡ ಇರಲಿಲ್ಲ. ಹರೇಕಳದ ನ್ಯೂಪಡ್ಪುವಿನ ಸರ್ಕಾರಿ ಕನ್ನಡ ಶಾಲೆ 28 ಮಕ್ಕಳೊಂದಿಗೆ ಆರಂಭವಾದದ್ದು ಅಲ್ಲಿನ ಮದರಸದಲ್ಲಿ. ಬಳಿಕ ಸ್ವಂತ ಜಾಗ, ಸ್ವಂತ ಕಟ್ಟಡ, ಮುಂದೆ ಹೈಸ್ಕೂಲ್. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರಲ್ಲಿ ರಾಷ್ಟ್ರಪತಿಗಳಿಂದ ಬರಿಗಾಲಿನಲ್ಲೇ ಹೋಗಿ ಅದನ್ನು ಸ್ವೀಕರಿಸಿದರು.

ಹಾಜಬ್ಬರು ಮಾಸ್ಟ್ರಲ್ಲ. ಒಂದಕ್ಷರವನ್ನೂ ಕಲಿಸಿದವರಲ್ಲ. ಮಾಸ್ಟ್ರಿಗೆ ನಿಲ್ಲಲು ಜಾಗ ಮಾಡಿಕೊಟ್ಟವರು. ಮದೀನಾದಲ್ಲಿ ಅಸ್‌ಅದ್ ಬಿನ್ ಝುರಾರ(ರ) ಮಾಡಿದ ಕೆಲಸ ಇದೇ. ಪ್ರತಿಯೊಂದು ಶಾಲೆಯ ಹಿಂದೆ ಕಲಿಸುವವರು ಒಬ್ಬರಾದರೆ, ಕಲಿಸುವವರನ್ನು ಹೊತ್ತವರು ಹತ್ತು ಮಂದಿ. ಕಲಿಸುವ ಯೋಗ ಎಲ್ಲರಿಗೂ ಬರುವುದಿಲ್ಲ. ಹೊರುವ ಅವಕಾಶ ಎಲ್ಲರಿಗೂ ಇದೆ.

ಇಂದು ನಾವು ತೂಗುಹಾಕುವ ಗೊನೆ

ಈಗ ನಮ್ಮ ಊರಿನ ಶಾಲೆಗಳನ್ನು ನೋಡಿ. ಅಜ್ಜ ಹಂಚು ಹೊತ್ತ ಶಾಲೆಯ ಮುಂದೆಯೇ ಮೊಮ್ಮಗನ ಹಳದಿ ಬಸ್ಸು ಹಾದುಹೋಗುತ್ತದೆ. ಮಗುವನ್ನು ಎಲ್ಲಿ ಓದಿಸಬೇಕೆಂಬುದು ತಂದೆ ತಾಯಿಯ ನಿರ್ಧಾರ, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ಅದರ ಪರಿಣಾಮ ತಿಳಿದಿರಬೇಕು. ಶಿಕ್ಷಣ ಹಕ್ಕು ಕಾಯ್ದೆಯಂತೆ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಮಕ್ಕಳ ಸಂಖ್ಯೆ ಇಳಿದರೆ ಒಬ್ಬರು ಹೆಚ್ಚುವರಿ ಶಿಕ್ಷಕರೆಂದು ಬೇರೆ ಊರಿಗೆ ಹೋಗುತ್ತಾರೆ. ಉಳಿದವರ ಮೇಲೆ ಎರಡು ಮೂರು ತರಗತಿ, ಬಿಸಿಯೂಟದ ಲೆಕ್ಕ, ಕಚೇರಿಯ ಕಾಗದ ಎಲ್ಲ ಬೀಳುತ್ತದೆ. ಮಾಸ್ಟ್ರು ಇಲ್ಲ ಎಂದು ಇನ್ನೂ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಕೊನೆಗೆ ಅಲ್ಲಿ ಉಳಿಯುವುದು ಬೇರೆಡೆ ಕಳುಹಿಸಲು ಶಕ್ತಿಯಿಲ್ಲದವರ ಮಕ್ಕಳು: ಕೂಲಿಯವರ, ಬೀಡಿ ಕಟ್ಟುವ ತಾಯಂದಿರ, ತಂದೆಯಿಲ್ಲದವರ ಮಕ್ಕಳು. ಅನಾಥರ ಹಕ್ಕಿನ ಬಗ್ಗೆ ಖುರ್‌ಆನ್ ಎಷ್ಟು ಸಲ ಎಚ್ಚರಿಸಿದೆ ಎಂಬುದು ನಮಗೆ ಗೊತ್ತಿದೆ.

ಉಸ್ತಾದರ ವಿಷಯವೂ ಬೇರೆಯಲ್ಲ. ಮದುವೆ ಮನೆಯ ಪೆಂಡಾಲಿಗೆ ಒಂದು ದಿನಕ್ಕೆ ಕೊಡುವ ಹಣವನ್ನು ಮದರಸದ ಉಸ್ತಾದರ ತಿಂಗಳ ಸಂಬಳದ ಪಕ್ಕದಲ್ಲಿಟ್ಟು ನೋಡಿ. ಅವರಿಗೂ ಮನೆಯಿದೆ, ಬಾಡಿಗೆಯಿದೆ, ಓದುವ ಮಕ್ಕಳಿದ್ದಾರೆ. ಕೈ ಮುತ್ತಿಡುವುದು ಅದಬ್, ಒಪ್ಪೋಣ. ಸಂಬಳವನ್ನು ತಿಂಗಳ ಮೊದಲ ವಾರದಲ್ಲೇ ಕೊಡುವುದು ಹಕ್ಕು. ಅದಬಿನಿಂದ ಹಕ್ಕು ತೀರುವುದಿಲ್ಲ. ಇದೇ ಮಾತು ಶಾಲೆಗಳಲ್ಲಿ ಕಡಿಮೆ ಸಂಭಾವನೆಗೆ ದುಡಿಯುವ ಅತಿಥಿ ಶಿಕ್ಷಕರಿಗೂ ಊರಿನವರೇ ನೇಮಿಸಿಕೊಳ್ಳುವ ಗೌರವ ಶಿಕ್ಷಕಿಯರಿಗೂ ಅನ್ವಯಿಸುತ್ತದೆ. ಹೆಸರಿನಲ್ಲಿ ಗೌರವ ಇದ್ದರೆ ಸಾಲದು.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. ಪೋಷಕರು ಅದರ ಸಭೆಗೆ ಹೋಗಬೇಕು, ತಾಯಂದಿರೂ ಹೋಗಬೇಕು. ಜಮಾಅತಿನ ವಾರ್ಷಿಕ ಲೆಕ್ಕದಲ್ಲಿ ಊರಿನ ಶಾಲೆಯ ಒಬ್ಬ ಗೌರವ ಶಿಕ್ಷಕಿಯ ಸಂಬಳಕ್ಕೆ ಒಂದು ಸಾಲು ಇರಲಿ. ಆ ಶಾಲೆಯಲ್ಲಿ ಹಿಂದೂ, ಕ್ರೈಸ್ತ, ಜೈನ ಮಕ್ಕಳೂ ಕೂರುತ್ತಾರೆ ಎಂದು ಯಾರಾದರೂ ಆಕ್ಷೇಪಿಸಿದರೆ ಬದ್ರ್ ಕೈದಿಗಳ ಪಾಠಶಾಲೆಯನ್ನು ನೆನಪಿಸಿ. ಶಾಲೆಯ ಶ್ರಮದಾನಕ್ಕೆ, ಹಳೆ ವಿದ್ಯಾರ್ಥಿ ಸಂಘಕ್ಕೆ ನಮ್ಮ ಯುವಕರು ಮೊದಲಿಗರಾಗಲಿ. ಮದರಸ ಸಮಿತಿಯವರು ಶಾಲೆಯ ಮುಖ್ಯ ಶಿಕ್ಷಕರೊಂದಿಗೆ ವರ್ಷಕ್ಕೆ ಎರಡು ಸಲ ಕೂತು ಮಾತನಾಡಲಿ. ಪರೀಕ್ಷೆಯ ದಿನಗಳಲ್ಲಿ ಮದರಸವನ್ನು ಬೇಗ ಬಿಡುವುದು, ಎರಡೂ ಕಡೆ ಹಾಜರಿ ಕಡಿಮೆಯಾದ ಮಗುವಿನ ಮನೆಗೆ ಉಸ್ತಾದರೂ ಮಾಸ್ಟ್ರೂ ಜೊತೆಯಾಗಿ ಹೋಗಿ ಬರುವುದು, ಇಂಥದ್ದಕ್ಕೆ ಹಣ ಬೇಡ, ಮನಸ್ಸು ಸಾಕು.

ಇನ್ನೊಂದು ಕೆಲಸ ಪ್ರತಿಯೊಂದು ಮನೆಗೆ. ನಿಮಗೆ ಮೊದಲ ಅಕ್ಷರ ತಿದ್ದಿಸಿದ ಮಾಸ್ಟ್ರು, ಟೀಚರ್, ಉಸ್ತಾದರು ಬದುಕಿದ್ದರೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಬರಿಗೈಯಲ್ಲಿ ಹೋಗಬೇಡಿ. ನಿವೃತ್ತರಾಗಿ ಮೂಲೆ ಸೇರಿದ ಆ ಹಿರಿಯರಿಗೆ ಕಾಯಿಲೆಯಿದೆಯೇ, ಔಷಧಿಗೆ ತೊಂದರೆಯಿದೆಯೇ ಎಂದು ಕೇಳಿ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞತೆ ಸಲ್ಲಿಸಿದವನಲ್ಲ ಎಂಬ ಅರ್ಥದ ಪ್ರವಾದಿ ವಚನವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದಕ್ಕಿಂತ ಹೀಗೆ ಕಲಿಸುವುದು ಹೆಚ್ಚು ಉಳಿಯುತ್ತದೆ. ಅವರು ತೀರಿಹೋಗಿದ್ದರೆ ಅವರ ಮನೆಯವರನ್ನು ವಿಚಾರಿಸಿ. ಮನುಷ್ಯ ಸತ್ತ ಮೇಲೂ ನಿಲ್ಲದ ಮೂರು ಕರ್ಮಗಳಲ್ಲಿ ಪ್ರಯೋಜನಕಾರಿ ಜ್ಞಾನವೂ ಒಂದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನಾವು ಓದುವ ಪ್ರತಿಯೊಂದು ಸಾಲಿನ ಹಿಂದೆ ಯಾರದೋ ಬೆರಳು ಇದೆ.

ಅಲ್ಲಾಹನು ನಮಗೆ ಕಲಿಸಿದವರೆಲ್ಲರ ಶ್ರಮಕ್ಕೆ ಉತ್ತಮ ಪ್ರತಿಫಲ ನೀಡಲಿ. ನಮ್ಮ ಉಸ್ತಾದರಿಗೆ, ಮಾಸ್ಟ್ರುಗಳಿಗೆ, ಟೀಚರ್‌ಗಳಿಗೆ ಆರೋಗ್ಯ ಮತ್ತು ನೆಮ್ಮದಿ ಕೊಡಲಿ. ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಹೆಚ್ಚಿಸಲಿ. ಕಳಪೆಯನ್ನು ಆರಿಸಿ ಕೊಡುವ ಮನಸ್ಸಿನಿಂದ ನಮ್ಮನ್ನು ಕಾಪಾಡಲಿ. ಆಮೀನ್.